ಸರ್ಕಾರ 'ಇಲ್ಲ' ಅಂದವರನ್ನು ಸೂಜಿ ದಾರ ಲೆಕ್ಕಕ್ಕೆ ತಂದದ್ದು ಹೇಗೆ?

ದಿನಪತ್ರಿಕೆಯ ಅರ್ಧ ಪುಟದಷ್ಟು ದೊಡ್ಡ ಗೋಣಿ ಬಟ್ಟೆ. ಅದರ ಮೇಲೆ ಹಳೆ ಬಟ್ಟೆಯ ಚೂರುಗಳನ್ನು ಸೇರಿಸಿ ಒಂದು ಬೀದಿ ಹೊಲಿದಿದ್ದಾರೆ. ಮೇಲ್ಗಡೆ ಆಂಡೀಸ್ ಬೆಟ್ಟಗಳ ಸಾಲು, ಮೂಲೆಯಲ್ಲಿ ಹಳದಿ ಸೂರ್ಯ. ಕೆಳಗೆ ಒತ್ತೊತ್ತಾಗಿ ಸಣ್ಣ ಮನೆಗಳು. ನಡುವೆ ದೊಡ್ಡ ಹಂಡೆಯಲ್ಲಿ ಏನೋ ಬೇಯುತ್ತಿದೆ, ಸುತ್ತ ಹೆಂಗಸರು, ಮಕ್ಕಳು. ಎಲ್ಲ ಬೆರಳುದ್ದದ ಗೊಂಬೆಗಳು. ತಲೆಗೆ ಹತ್ತಿ ತುಂಬಿ ಉಬ್ಬಿಸಿದ್ದಾರೆ, ಕೂದಲಿಗೆ ಉಣ್ಣೆ ದಾರ. ಮಕ್ಕಳ ಕೋಣೆಯ ಗೋಡೆಗೆ ಚೆನ್ನಾಗಿರುತ್ತೆ ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಒಂದು ಪಕ್ಕದಲ್ಲಿ ವ್ಯಾನು ನಿಂತಿದೆ. ಹಸಿರು ಸಮವಸ್ತ್ರದ ಇಬ್ಬರು ಒಬ್ಬನನ್ನು ಎಳೆದು ಹಾಕುತ್ತಿದ್ದಾರೆ. ಒಬ್ಬ ಹೆಂಗಸು ಎರಡೂ ಕೈಯಲ್ಲಿ ಬಿಳಿ ಬಟ್ಟೆಯ ಚೂರು ಹಿಡಿದಿದ್ದಾಳೆ. ಅದರ ಮೇಲೆ ಕಪ್ಪು ದಾರದಲ್ಲಿ ಎರಡೇ ಪದ: ಅವರು ಎಲ್ಲಿದ್ದಾರೆ?

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಇಂಥ ಹೊಲಿಗೆಯ ಚಿತ್ರಕ್ಕೆ ಅರ್ಪಿಯೆರಾ ಅನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದ ಕೌದಿ ನೋಡಿದವರಿಗೆ ಚಿಂದಿ ಬಟ್ಟೆಗೆ ಹೀಗೆ ಎರಡನೇ ಜನ್ಮ ಕೊಡುವುದು ಹೊಸದೇನಲ್ಲ. ಆದರೆ ಅರ್ಪಿಯೆರಾ ಹೊದೆಯೋಕೆ ಮಾಡಿದ್ದಲ್ಲ. 1974ರಿಂದ ಮುಂದಿನ ಹದಿನೈದು ವರ್ಷ ಅದು ಒಂದು ಥರದ ದೂರು ಅರ್ಜಿಯಾಗಿತ್ತು. ಪೊಲೀಸ್ ಠಾಣೆ, ಕೋರ್ಟು, ಪತ್ರಿಕೆ ಯಾವುದೂ ತೆಗೆದುಕೊಳ್ಳದೇ ಇದ್ದ ದೂರು.

ಮಾನವ ಹಕ್ಕುಗಳ ಹೋರಾಟದಲ್ಲಿ ಕಲೆಗೆ ಏನು ಕೆಲಸ ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ. ಕಲೆ ಮನಸ್ಸು ಕರಗಿಸುತ್ತದೆ, ಜಾಗೃತಿ ಮೂಡಿಸುತ್ತದೆ. ಸುಳ್ಳಲ್ಲ. ಆದರೆ ಈ ಉತ್ತರ ಯಾವ ಜಾಹೀರಾತಿಗೆ ಬೇಕಾದರೂ ಹೊಂದುತ್ತದೆ, ಹಾಗಾಗಿ ಅದರಿಂದ ತಿಳಿಯುವುದು ಕಡಿಮೆ. ಚಿಲಿಯ ಹೆಂಗಸರು ಮಾಡಿದ ಕೆಲಸ ಬೇರೆ. ಸರ್ಕಾರ 'ಅಂಥದ್ದೇನೂ ನಡೆದೇ ಇಲ್ಲ' ಅಂದ ಒಂದು ಅಪರಾಧವನ್ನು ಅವರು ದಾಖಲೆ ಮಾಡಿಟ್ಟರು. ಅದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಆ ಅಪರಾಧದ ಸ್ವರೂಪ ತಿಳಿಯಬೇಕು.

ಹೆಣ ಇಲ್ಲದ ಕೊಲೆ

1973ರ ಸೆಪ್ಟೆಂಬರ್ 11ರಂದು ಚಿಲಿಯ ಸೇನೆ ಚುನಾಯಿತ ಅಧ್ಯಕ್ಷ ಸಾಲ್ವದೋರ್ ಅಯೆಂದೆಯ ಸರ್ಕಾರವನ್ನು ಕೆಡವಿತು. ಅಧ್ಯಕ್ಷರ ಅರಮನೆಯ ಮೇಲೆ ವಿಮಾನಗಳಿಂದ ದಾಳಿ ಮಾಡಿದರು. ಅಯೆಂದೆ ಅದೇ ದಿನ ಅಲ್ಲೇ ಸತ್ತರು. ಜನರಲ್ ಅಗಸ್ಟೊ ಪಿನೊಶೆ 1990ರ ಮಾರ್ಚ್‌ವರೆಗೆ ಆಳಿದ. ಮೊದಲ ವಾರಗಳಲ್ಲಿ ರಾಜಧಾನಿ ಸ್ಯಾಂಟಿಯಾಗೊದ ಆಟದ ಮೈದಾನಗಳೇ ಜೈಲಾದವು. ಹಾಡುಗಾರ ವಿಕ್ತೋರ್ ಹಾರಾನನ್ನು ಅಂಥ ಒಂದು ಕ್ರೀಡಾಂಗಣದಲ್ಲೇ ಹಿಂಸಿಸಿ ಕೊಂದರು. ಈಗ ಆ ಕ್ರೀಡಾಂಗಣಕ್ಕೆ ಅವನದೇ ಹೆಸರು.

ಬಹಿರಂಗ ಕೊಲೆಯಿಂದ ಸರ್ಕಾರಕ್ಕೆ ಒಂದು ತಾಪತ್ರಯ ಇದೆ. ಹೆಣ ಇರುತ್ತದೆ, ಮೆರವಣಿಗೆ ಆಗುತ್ತದೆ, ತಿಥಿಗೆ ಜನ ಸೇರುತ್ತಾರೆ. ಹೊರದೇಶದ ಪತ್ರಕರ್ತರು ಫೋಟೋ ತೆಗೆಯುತ್ತಾರೆ. 1974ರಲ್ಲಿ ಅಧಿಕೃತವಾಗಿ ಶುರುವಾದ, ದಿನಾ (DINA) ಅನ್ನುವ ಹೆಸರಿನ ಗುಪ್ತ ಪೊಲೀಸ್ ಪಡೆ ಬೇರೆ ದಾರಿಯನ್ನು ಪಕ್ಕಾ ಮಾಡಿಕೊಂಡಿತು. ನಂಬರ್ ಪ್ಲೇಟ್ ಇಲ್ಲದ ಗಾಡಿ ಬರುತ್ತದೆ. ಮನೆಯಿಂದಲೋ ಬಸ್ ಸ್ಟಾಪಿನಿಂದಲೋ ಒಬ್ಬರನ್ನು ಎತ್ತಿಕೊಂಡು ಹೋಗುತ್ತಾರೆ. ಮನೆಯವರು ಠಾಣೆಗೆ ಹೋದರೆ 'ಇಲ್ಲಿಲ್ಲ'. ಸೇನಾ ಕಚೇರಿಗೆ ಹೋದರೆ 'ಆ ಹೆಸರಿನವರು ಯಾರೂ ಬಂದಿಲ್ಲ'. ಆಸ್ಪತ್ರೆ, ಶವಾಗಾರ, ಜೈಲು, ಎಲ್ಲ ಕಡೆ ಅದೇ ಉತ್ತರ.

ಒತ್ತಾಯದ ಕಣ್ಮರೆ ಅಂದರೆ ಇದು. ಮೂರು ಅಂಶ ಸೇರಿದರೆ ಈ ಅಪರಾಧ ಆಗುತ್ತದೆ. ಸರ್ಕಾರದವರೋ ಸರ್ಕಾರದ ಬೆಂಬಲ ಇದ್ದವರೋ ಹಿಡಿದಿರಬೇಕು. ಹಿಡಿದಿದ್ದನ್ನು ಒಪ್ಪಿಕೊಳ್ಳಬಾರದು, ಅಥವಾ ಎಲ್ಲಿದ್ದಾರೆ ಅಂತ ಮುಚ್ಚಿಡಬೇಕು. ಆ ಮನುಷ್ಯ ಕಾನೂನಿನ ಕೈಗೆ ಸಿಗದ ಜಾಗದಲ್ಲಿರಬೇಕು. ಗಮನಿಸಿ, ಎರಡನೇ ಅಂಶ ಒಂದು ಸುಳ್ಳು. ಇಲ್ಲಿ ಸುಳ್ಳು ಹೇಳುವುದು ಅಪರಾಧ ಮುಚ್ಚೋಕೆ ಆಮೇಲೆ ಮಾಡಿದ ಕೆಲಸ ಅಲ್ಲ, ಅಪರಾಧದ ಒಂದು ಭಾಗವೇ ಅದು.

ಆ ಸುಳ್ಳು ಎಷ್ಟು ದೂರ ಹೋಯಿತು ಅಂತ ನೋಡಿ. 1975ರ ಜುಲೈನಲ್ಲಿ ಅರ್ಜೆಂಟೀನಾದ ಒಂದು ಪತ್ರಿಕೆ, ಬ್ರೆಜಿಲ್‌ನ ಒಂದು ಪತ್ರಿಕೆ ಚಿಲಿಯ 119 ಜನರ ಹೆಸರು ಅಚ್ಚು ಹಾಕಿದವು. ಇವರೆಲ್ಲ ದೇಶ ಬಿಟ್ಟು ಓಡಿಹೋದ ಎಡಪಂಥೀಯರು, ತಮ್ಮತಮ್ಮಲ್ಲೇ ಹೊಡೆದಾಡಿಕೊಂಡು, ಇಲ್ಲವೇ ಪೊಲೀಸರ ಜೊತೆ ಗುಂಡಿನ ಕಾಳಗದಲ್ಲಿ ಸತ್ತರು ಅಂತ ಸುದ್ದಿ. ಅರ್ಜೆಂಟೀನಾದ ಆ ಪತ್ರಿಕೆ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಆ ಒಂದು ಪಟ್ಟಿ ಹಾಕೋದಕ್ಕಾಗಿಯೇ ಹುಟ್ಟಿದ ಪತ್ರಿಕೆ! ಸ್ಯಾಂಟಿಯಾಗೊದ ದೊಡ್ಡ ಪತ್ರಿಕೆಯೊಂದು ಅದನ್ನೇ ಎತ್ತಿಕೊಂಡು ಇಲಿಗಳ ಹಾಗೆ ಸತ್ತರು ಅನ್ನುವ ಅರ್ಥದ ತಲೆಬರಹ ಕೊಟ್ಟಿತು. ಆ 119 ಜನರನ್ನು ಅಷ್ಟು ಹೊತ್ತಿಗಾಗಲೇ ಚಿಲಿಯ ಒಳಗೇ ಹಿಡಿದಿದ್ದರು, ಹಿಡಿದದ್ದನ್ನು ನೋಡಿದವರೂ ಇದ್ದರು. ಅದೇ ವರ್ಷ ನವೆಂಬರ್‌ನಲ್ಲಿ ಚಿಲಿಯ ಪ್ರತಿನಿಧಿ ವಿಶ್ವಸಂಸ್ಥೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾಣೆಯಾದರು ಅನ್ನಲಾಗುವ ಅನೇಕರಿಗೆ ಕಾನೂನಿನ ಪ್ರಕಾರ ಅಸ್ತಿತ್ವವೇ ಇಲ್ಲ ಅಂದರು. ಅಂದರೆ ಅಂಥವರು ಹುಟ್ಟಿಯೇ ಇರಲಿಲ್ಲವಂತೆ.

ಹೆತ್ತ ತಾಯಿಗೆ ನಿನ್ನ ಮಗ ಹುಟ್ಟೇ ಇಲ್ಲ ಅಂತ ಹೇಳಿದರೆ ಅವಳು ಏನು ಮಾಡಬೇಕು? ಮೊದಲು ಅವನು ಇದ್ದ ಅಂತ ಸಾಬೀತು ಮಾಡಬೇಕು. ಈ ಹೋರಾಟದಲ್ಲಿ ಕಲೆಗೆ ಕೆಲಸ ಶುರುವಾಗಿದ್ದು ಅಲ್ಲಿ.

ಫೋಟೋ, ಬಟ್ಟೆ, ಕುಣಿತ

ಮೊದಲು ಹೊರಬಂದದ್ದು ಫೋಟೋಗಳು. ಹೆಂಗಸರು ಗಂಡನ, ಮಗನ, ಮಗಳ ಫೋಟೋ ದೊಡ್ಡದು ಮಾಡಿಸಿ ಎದೆಗೆ ಪಿನ್ ಹಾಕಿಕೊಂಡು ಬೀದಿಗೆ ಬಂದರು. ಬಹಳಷ್ಟು ಫೋಟೋ ಗುರುತಿನ ಚೀಟಿಯವು. ನೆಟ್ಟಗೆ ಕೂತು ಕ್ಯಾಮರಾ ನೋಡುತ್ತಿರುವ, ನಗುವೂ ಇಲ್ಲದ ಆ ಮುಖಗಳು. ಬಡವರ ಮನೆಯಲ್ಲಿ ಬೇರೆ ಫೋಟೋ ಎಲ್ಲಿರುತ್ತದೆ ಅಲ್ವಾ? ಆದರೆ ಅದರಲ್ಲೊಂದು ಏಟೂ ಇತ್ತು. ಆ ಗುರುತಿನ ಚೀಟಿ ಕೊಟ್ಟದ್ದು ಸರ್ಕಾರವೇ. ಆ ಮನುಷ್ಯನ ಅಸ್ತಿತ್ವಕ್ಕೆ ಸರ್ಕಾರ ತಾನೇ ಹಾಕಿದ ಮುದ್ರೆ ಅದು. ಅದನ್ನೇ ಎದೆಗೆ ಹಚ್ಚಿಕೊಂಡು ಬಂದು 'ಈಗ ಹೇಳಿ' ಅಂದರು.

ಹೊಲಿಗೆಯೂ ಅದೇ ಸುಮಾರಿಗೆ ಶುರುವಾಯಿತು. ಗೋಣಿ ಬಟ್ಟೆಯ ಮೇಲೆ ಕಸೂತಿ ಮಾಡುವುದು ಚಿಲಿಗೆ ಹೊಸದಾಗಿರಲಿಲ್ಲ. ಜನಪದ ಹಾಡುಗಾರ್ತಿ ವಿಯೊಲೆತಾ ಪಾರ್ರಾ ಮಾಡಿದ ಅಂಥ ಚಿತ್ರಗಳು 1964ರಲ್ಲೇ ಪ್ಯಾರಿಸ್‌ನ ಲೂವ್ರ್‌ ಕಟ್ಟಡದಲ್ಲಿ ಪ್ರದರ್ಶನ ಕಂಡಿದ್ದವು. ದಂಗೆಯಾದ ಮೇಲೆ ಅದು ಬಡ ಹೆಂಗಸರ ಕೈಗೆ ಬಂತು, ಮತ್ತು ಬಂದದ್ದು ಹೊಟ್ಟೆಪಾಡಿಗೆ. ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು, ಯಾಕೆಂದರೆ ಪ್ರತಿರೋಧದ ಕಲೆ ಅಂದಕೂಡಲೇ ನಾವು ಮೊದಲ ದಿನದಿಂದಲೇ ಮುಷ್ಟಿ ಬಿಗಿದ ಹೆಂಗಸರನ್ನು ಕಲ್ಪಿಸಿಕೊಳ್ಳುತ್ತೇವೆ. ದುಡಿಯುವ ಗಂಡಸು ಕಾಣೆಯಾದ ಮನೆಯಲ್ಲಿ ಮೊದಲ ಚಿಂತೆ ಹಿಟ್ಟಿನದು. ಕೆಲಸ ಕಳೆದುಕೊಂಡವರ ಮನೆಗಳೂ ಸಾಲುಸಾಲಾಗಿದ್ದವು. ಚರ್ಚಿನ ಸಹಾಯ ಸಮಿತಿ ಇಂಥ ಹೆಂಗಸರನ್ನು ಸಣ್ಣ ಸಣ್ಣ ಗುಂಪಾಗಿ ಸೇರಿಸಿ ಹೊಲಿಗೆ ಕೊಟ್ಟಿತು. ಮುಗಿಸಿ ತಂದ ಚಿತ್ರಕ್ಕೆ ದುಡ್ಡು ಕೊಡುತ್ತಿತ್ತು.

ವಾರಕ್ಕೊಮ್ಮೆ ಚರ್ಚಿನ ಕೋಣೆಯಲ್ಲಿ ಸೇರುತ್ತಿದ್ದರು. ಏನು ಹೊಲಿಯೋಣ ಅಂತ ಮಾತು ಬಂದಾಗ ಹೊಲಿಯೋದಕ್ಕೆ ಅವರ ಹತ್ತಿರ ಇದ್ದದ್ದು ತಮ್ಮ ಬದುಕೇ. ಮುಚ್ಚಿದ ಕಾರ್ಖಾನೆಯ ಗೇಟು. ಬೀದಿಯವರೆಲ್ಲ ಸೇರಿ ಒಂದೇ ಹಂಡೆಯಲ್ಲಿ ಬೇಯಿಸಿಕೊಂಡು ಉಣ್ಣುವುದು. ಜೈಲಿನ ಬಾಗಿಲ ಮುಂದಿನ ಸಾಲು. ಕೋರ್ಟಿನ ಮೆಟ್ಟಿಲು. ಊಟದ ಮೇಜಿನ ಸುತ್ತ ಖಾಲಿ ಬಿಟ್ಟ ಒಂದು ಕುರ್ಚಿ. ಕಾಣೆಯಾದವನದೇ ಅಂಗಿಯ ತುಂಡು ಚಿತ್ರದೊಳಗೆ ಸೇರಿದ್ದೂ ಉಂಟು. ಹಿಂಬದಿಗೆ ಪುಟ್ಟ ಜೇಬು ಹೊಲಿದು ಅದರೊಳಗೆ ಒಂದು ಚೀಟಿ ಇಡುತ್ತಿದ್ದರು. ಚಿತ್ರದಲ್ಲಿ ಏನು ನಡೆಯುತ್ತಿದೆ ಅಂತ ನಾಲ್ಕು ಸಾಲು. ಕೆಳಗೆ ಹೆಸರು ಇಲ್ಲ. ಹೆಸರು ಹಾಕಿದರೆ ಮುಂದಿನ ಗಾಡಿ ಅವಳ ಮನೆ ಮುಂದೆ ನಿಲ್ಲುತ್ತಿತ್ತು.

ಹೊಲಿಗೆ ಅಂದರೆ ಹೆಂಗಸರ ಬಿಡುವಿನ ಕೆಲಸ, ಅದರಲ್ಲಿ ಏನಿರುತ್ತೆ ಅನ್ನುವ ತಾತ್ಸಾರ ಇತ್ತಲ್ಲ, ಅದೇ ಕೆಲವು ಕಾಲ ಇವರಿಗೆ ರಕ್ಷಣೆಯಾಯಿತು. ಕರಪತ್ರ ಅಚ್ಚು ಹಾಕಿದರೆ ಸಿಕ್ಕಿಬೀಳುವ ಕಾಲದಲ್ಲಿ ಸೂಜಿ ದಾರ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಬಿತ್ತು. ಸರ್ಕಾರದ ಪರ ಪತ್ರಿಕೆಗಳು ಇವು ದೇಶದ ಮಾನ ಕಳೆಯುವ ಚಿತ್ರಗಳು ಅಂತ ಬರೆದವು.

ಇನ್ನು ಕುಣಿತ. ಕ್ವೆಕಾ ಅನ್ನುವುದು ಚಿಲಿಯ ಜನಪ್ರಿಯ ಜೋಡಿ ನೃತ್ಯ. ಗಂಡು ಹೆಣ್ಣು ಇಬ್ಬರೂ ಕರವಸ್ತ್ರ ಬೀಸುತ್ತಾ, ಒಬ್ಬರ ಸುತ್ತ ಒಬ್ಬರು ಸುತ್ತುತ್ತಾ ಕುಣಿಯುತ್ತಾರೆ. 1978ರ ಮಾರ್ಚ್ 8ರಂದು, ಮಹಿಳಾ ದಿನದ ಸಭೆಯಲ್ಲಿ, ಕಾಣೆಯಾದವರ ಮನೆಯ ಹೆಂಗಸರು ಸ್ಯಾಂಟಿಯಾಗೊದ ಕೌಪೊಲಿಕಾನ್ ರಂಗಮಂದಿರದ ವೇದಿಕೆ ಹತ್ತಿದರು. ಕಪ್ಪು ಲಂಗ, ಬಿಳಿ ಕುಪ್ಪಸ, ಎದೆ ಮೇಲೆ ಫೋಟೋ. ಒಬ್ಬಳು ಮುಂದೆ ಬಂದು ಕರವಸ್ತ್ರ ಹಿಡಿದು ಕ್ವೆಕಾ ಕುಣಿದಳು, ಒಬ್ಬಳೇ. ಎದುರಿಗೆ ಜೋಡಿ ಇರಬೇಕಾದ ಜಾಗ ಖಾಲಿ. ನೋಡುವವರಿಗೆ ಆ ಕುಣಿತದ ಪ್ರತಿ ಹೆಜ್ಜೆ ಗೊತ್ತು. ಹಾಗಾಗಿ ಇಲ್ಲದವನು ಎಲ್ಲಿ ನಿಂತಿರಬೇಕಿತ್ತು, ಯಾವಾಗ ತಿರುಗಬೇಕಿತ್ತು ಅನ್ನುವುದೆಲ್ಲ ಕಾಣುತ್ತಿತ್ತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಚುರುಕಾದ ಉಪಾಯ ಅನ್ನಿಸುವುದು ಇದೇ. ಕೇಸು ಹಾಕೋಕೆ ಒಂದು ಘೋಷಣೆಯೂ ಸಿಗುವುದಿಲ್ಲ.

ಸ್ವಾರಸ್ಯ ಏನೆಂದರೆ, ಮುಂದಿನ ವರ್ಷ 1979ರ ಸೆಪ್ಟೆಂಬರ್‌ನಲ್ಲಿ ಪಿನೊಶೆ ಸರ್ಕಾರ ಆದೇಶ ಹೊರಡಿಸಿ ಕ್ವೆಕಾವನ್ನು ರಾಷ್ಟ್ರೀಯ ನೃತ್ಯ ಅಂತ ಘೋಷಿಸಿತು. ಅಲ್ಲಿಂದ ಮುಂದೆ ಹೆಂಗಸರು ಒಂಟಿಯಾಗಿ ಕುಣಿದಾಗಲೆಲ್ಲ ಕುಣಿದದ್ದು ಸರ್ಕಾರವೇ ಪಟ್ಟ ಕಟ್ಟಿದ ನೃತ್ಯವನ್ನ.

ಹಿಂದೆ ಯಾರಿದ್ದರು?

ಇಷ್ಟಕ್ಕೇ ನಿಲ್ಲಿಸಿದರೆ ಇದು ಸುಂದರವಾದ ಕಥೆ. ಆದರೆ ಹೊಲಿಗೆಯಿಂದಲೇ ಎಲ್ಲ ಆಯಿತು ಅಂದರೆ ಮೋಸವಾಗುತ್ತದೆ. ಈ ಕಲೆಯ ಹಿಂದೆ ಒಂದು ಕಚೇರಿ ಇತ್ತು. ವಕೀಲರು, ಟೈಪಿಸ್ಟರು, ಕಡತಗಳು, ಲೆಕ್ಕದ ಪುಸ್ತಕ ಎಲ್ಲ ಇದ್ದ ಕಚೇರಿ.

ದಂಗೆಯಾದ ಮುಂದಿನ ತಿಂಗಳೇ ಕೆಥೊಲಿಕ್, ಲೂಥರನ್, ಯಹೂದಿ ಮುಂತಾದ ಧಾರ್ಮಿಕ ಸಮುದಾಯಗಳು ಸೇರಿ ಒಂದು ಶಾಂತಿ ಸಮಿತಿ ಮಾಡಿಕೊಂಡವು. ಪಿನೊಶೆಯ ಒತ್ತಡಕ್ಕೆ 1975ರ ಕೊನೆಗೆ ಅದನ್ನು ಮುಚ್ಚಬೇಕಾಯಿತು. ಸ್ಯಾಂಟಿಯಾಗೊದ ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರಿಕೆಸ್ ಜಾಸ್ತಿ ದಿನ ಕಾಯಲಿಲ್ಲ. 1976ರ ಜನವರಿ 1ರಂದು, ಈ ಸಲ ಕೆಥೊಲಿಕ್ ಚರ್ಚಿನ ಸ್ವಂತ ಅಂಗವಾಗಿಯೇ, ವಿಕಾರಿಯಾ ಅನ್ನುವ ಕಚೇರಿ ತೆರೆದರು. ಅದನ್ನು ಮುಚ್ಚಿಸಬೇಕಾದರೆ ಸರ್ಕಾರ ನೇರವಾಗಿ ಚರ್ಚಿನ ಮೇಲೇ ಕೈಮಾಡಬೇಕಿತ್ತು. ಕೆಥೊಲಿಕ್ ದೇಶದಲ್ಲಿ ದೇವರು ಧರ್ಮ ಕಾಪಾಡುತ್ತೇನೆ ಅಂತ ಹೊರಟವನಿಗೆ ಅದು ಸುಲಭವಲ್ಲ.

ವಿಕಾರಿಯಾದ ವಕೀಲರು ಮಾಡಿದ ಮುಖ್ಯ ಕೆಲಸ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವುದು. ಹಿಡಿದವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅನ್ನುವ ಅರ್ಜಿ. ಸಾವಿರಾರು ಅರ್ಜಿ ಹಾಕಿದರು. ಕೋರ್ಟುಗಳು ಹೆಚ್ಚುಕಡಿಮೆ ಎಲ್ಲವನ್ನೂ ತಳ್ಳಿಹಾಕಿದವು. ಸರ್ಕಾರವನ್ನು ಕೇಳಿದೆವು, ಅವರು ನಮ್ಮ ಹತ್ತಿರ ಇಲ್ಲ ಅಂದರು, ಮುಗಿಯಿತು. ಸೋಲುತ್ತೇವೆ ಅಂತ ಗೊತ್ತಿದ್ದೂ ಯಾಕೆ ಹಾಕುತ್ತಾ ಹೋದರು? ಅರ್ಜಿ ಬಿದ್ದುಹೋದರೂ ಕಾಗದ ಉಳಿಯುತ್ತದೆ. ಯಾರನ್ನು, ಎಂದು, ಎಲ್ಲಿಂದ, ಯಾರ ಕಣ್ಣೆದುರು ಹಿಡಿದುಕೊಂಡು ಹೋದರು ಅನ್ನುವುದು ತಾರೀಖಿನ ಸಮೇತ ದಾಖಲಾಗುತ್ತದೆ. ಒಂದು ಕೋಣೆಯಲ್ಲಿ ಅರ್ಜಿ ಟೈಪಾಗುತ್ತಿತ್ತು, ಇನ್ನೊಂದು ಕಡೆ ಅದೇ ಘಟನೆ ಬಟ್ಟೆಯ ಮೇಲೆ ಬರುತ್ತಿತ್ತು. ಅರ್ಜಿ ದೇಶದೊಳಗಿನ ಕೋರ್ಟಿಗೆ, ಬಟ್ಟೆ ದೇಶದ ಹೊರಗಿನ ಜನಕ್ಕೆ.

ಬಟ್ಟೆ ಹೊರಗೆ ಹೋದದ್ದೂ ವಿಕಾರಿಯಾದ ಮೂಲಕವೇ. ಆ ವರ್ಷಗಳಲ್ಲಿ ಸುಮಾರು 2 ಲಕ್ಷ ಚಿಲಿಯನ್ನರು ದೇಶ ಬಿಟ್ಟಿದ್ದರು. ಯುರೋಪ್, ಕೆನಡಾ, ಅಮೆರಿಕದಲ್ಲಿದ್ದ ಅವರೂ ಅವರ ಸ್ನೇಹಿತರೂ ಸಣ್ಣ ಪ್ರದರ್ಶನ ಏರ್ಪಡಿಸಿ ಇವನ್ನು ಮಾರುತ್ತಿದ್ದರು. ಮಡಚಿದರೆ ಅಂಗೈಯಷ್ಟಾಗುವ ಬಟ್ಟೆ, ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಬಟ್ಟೆ. ದುಡ್ಡು ವಾಪಸು ಹೆಂಗಸರ ಮನೆಗೆ. ಕೊಂಡವರ ಮನೆಯ ಗೋಡೆಯ ಮೇಲೆ ಚಿತ್ರ, ಹಿಂದಿನ ಜೇಬಿನಲ್ಲಿ ಚೀಟಿ. ಬಂದ ನೆಂಟರು ಇದೇನು ಅಂತ ಕೇಳಿದರೆ ವಿವರಿಸಬೇಕಲ್ಲ, ಹೀಗೆ ಮಾತು ಹರಡಿತು. ಚಿಲಿಯ ಬಗ್ಗೆ ವಿಶ್ವಸಂಸ್ಥೆ ವರ್ಷವರ್ಷ ಖಂಡನೆಯ ನಿರ್ಣಯ ಮಾಡುತ್ತಿದ್ದ ಕಾಲ ಅದು. ಆ ಒತ್ತಡಕ್ಕೆ ಬೇರೆ ಕಾರಣಗಳೂ ನೂರಿದ್ದವು, ಎಲ್ಲ ಶ್ರೇಯಸ್ಸನ್ನೂ ಹೊಲಿಗೆಗೆ ಕೊಡೋಕಾಗಲ್ಲ.

ಕಡತ ಮತ್ತು ಬಟ್ಟೆ ಎರಡೂ ಒಂದೇ ಕಡೆ ಸೇರಿದ್ದು ಲೊಂಕೆನ್ ಪ್ರಕರಣದಲ್ಲಿ. 1978ರ ನವೆಂಬರ್ ಕೊನೆಗೆ ವಿಕಾರಿಯಾಕ್ಕೆ ಗುಟ್ಟಾಗಿ ಒಂದು ಸುಳಿವು ಬಂತು. ಸ್ಯಾಂಟಿಯಾಗೊ ಹತ್ತಿರದ ಲೊಂಕೆನ್‌ನಲ್ಲಿ ಪಾಳುಬಿದ್ದ ಸುಣ್ಣದ ಗೂಡುಗಳಿವೆ, ಅದರೊಳಗೆ ನೋಡಿ ಅಂತ. ಚರ್ಚಿನವರು, ವಕೀಲರು, ಪತ್ರಕರ್ತರು ಜೊತೆಯಾಗಿ ಹೋದರು. ಒಳಗೆ 15 ಜನರ ಅವಶೇಷ ಸಿಕ್ಕಿತು. 1973ರ ಅಕ್ಟೋಬರ್‌ನಲ್ಲಿ ಪಕ್ಕದ ಇಸ್ಲಾ ದೆ ಮೈಪೊ ಊರಿನಿಂದ ಪೊಲೀಸರು ಹಿಡಿದುಕೊಂಡು ಹೋದವರು, ಬಹುಪಾಲು ಹೊಲದಲ್ಲಿ ದುಡಿಯುತ್ತಿದ್ದ ಜನ. ಕಾಣೆಯಾದವರು ಸತ್ತಿದ್ದಾರೆ, ಕೊಂದದ್ದು ಸರ್ಕಾರದವರೇ ಅನ್ನುವುದಕ್ಕೆ ಸಿಕ್ಕ ಮೊದಲ ದೊಡ್ಡ ಪುರಾವೆ ಅದು. ಹೆಣಗಳನ್ನಾದರೂ ಕೊಡುತ್ತಾರೆ ಅಂತ 1979ರ ಸೆಪ್ಟೆಂಬರ್‌ನಲ್ಲಿ ಮನೆಯವರು ಚರ್ಚಿನಲ್ಲಿ ಕಾದು ಕೂತಿದ್ದರು. ಅಧಿಕಾರಿಗಳು ಅವರಿಗೆ ಹೇಳದೆ ಅವಶೇಷಗಳನ್ನು ಊರಿನ ಸ್ಮಶಾನದ ಒಂದೇ ಗುಂಡಿಗೆ ಹಾಕಿ ಮುಗಿಸಿದರು. ಕೊಂದವರಿಗೆ 1978ರ ಕ್ಷಮಾದಾನ ಕಾನೂನು ಅನ್ವಯಿಸಿ ಕೇಸು ಮುಚ್ಚಿದರು. ಆಮೇಲೆ ಬಂದ ಅರ್ಪಿಯೆರಾಗಳಲ್ಲಿ ಬೆಟ್ಟದ ಕೆಳಗೆ ಗೋಪುರದಂಥ ಎರಡು ಗೂಡುಗಳು ಮತ್ತೆ ಮತ್ತೆ ಕಾಣಿಸಿಕೊಂಡವು. ಆ ಗೂಡುಗಳನ್ನು ಮುಂದೆ ಒಡೆದುಹಾಕಿದರು. ಬಟ್ಟೆಯ ಮೇಲಿನವು ಉಳಿದವು.

ಮಲಗಿಸಬೇಡಿ, ನಿಲ್ಲಿಸಿ

ಆಂಡೀಸ್ ಬೆಟ್ಟದ ಆಚೆ ಬದಿ, ಅರ್ಜೆಂಟೀನಾದಲ್ಲಿ, 1976ರಿಂದ ಅದೇ ಪಾಡು. ಅಲ್ಲಿ 1977ರ ಏಪ್ರಿಲ್ 30ರಂದು 14 ತಾಯಂದಿರು ಅಧ್ಯಕ್ಷರ ಅರಮನೆ ಮುಂದಿನ ಪ್ಲಾಸಾ ದೆ ಮಾಯೊ ಚೌಕದಲ್ಲಿ ಸೇರಿದರು. ಗುಂಪಾಗಿ ನಿಲ್ಲಬಾರದು, ನಡೀರಿ ಅಂತ ಪೊಲೀಸರು ಗದರಿದರು. ಸರಿ ಅಂತ ನಡೆದರು, ಚೌಕದ ಸುತ್ತಲೇ. ಪ್ರತಿ ಗುರುವಾರದ ಆ ನಡಿಗೆ ದಶಕಗಳ ಕಾಲ ನಡೆಯಿತು. ತಲೆಗೆ ಕಟ್ಟಿಕೊಂಡ ಬಿಳಿ ಬಟ್ಟೆ ಮೊದಲಿಗೆ ಮಕ್ಕಳ ಲಂಗೋಟಿಯ ಬಟ್ಟೆಯಾಗಿತ್ತು.

ಆದರೆ ಬಿಳಿ ಬಟ್ಟೆ ಅವರನ್ನು ಕಾಪಾಡಲಿಲ್ಲ. ಸಂಘಟನೆ ಶುರು ಮಾಡಿದ ಅಸುಸೆನಾ ವಿಯಾಫ್ಲೋರ್ ಅವರನ್ನೇ ಅದೇ ವರ್ಷ ಡಿಸೆಂಬರ್‌ನಲ್ಲಿ ಎತ್ತಿಕೊಂಡು ಹೋದರು. ಅವರ ಅವಶೇಷ ಗುರುತಾದದ್ದು 2005ರಲ್ಲಿ.

1983ರ ಸೆಪ್ಟೆಂಬರ್ 21ರಂದು, ಚುನಾವಣೆಗೆ ಒಂದು ತಿಂಗಳು ಬಾಕಿ ಇರುವಾಗ, ಮೂವರು ಕಲಾವಿದರು ತಾಯಂದಿರ ಮುಂದೆ ಒಂದು ಯೋಜನೆ ಇಟ್ಟಿದ್ದು ಕಾರ್ಯರೂಪಕ್ಕೆ ಬಂತು. ಕಾಣೆಯಾದ ಒಬ್ಬೊಬ್ಬರಿಗೂ ಆಳೆತ್ತರದ ಒಂದು ಖಾಲಿ ಆಕೃತಿ. ಚೌಕದಲ್ಲಿ ಕಾಗದ ಹಾಸಿದರು. ಬಂದ ಜನ ಅದರ ಮೇಲೆ ಮಲಗಿದರು, ಸುತ್ತ ಗೆರೆ ಎಳೆದರು, ಎತ್ತಿ ಗೋಡೆಗಳಿಗೆ ಅಂಟಿಸಿದರು. ಸುಮ್ನೆ ನೋಡೋಕೆ ಬಂದವನು ಕಾಣೆಯಾದವನಿಗೆ ತನ್ನ ಮೈಯ ಅಳತೆ ಕೊಟ್ಟು ಹೋದ.

ಇದರಲ್ಲಿ ನಾನು ತೋರಿಸಬೇಕು ಅಂದುಕೊಂಡಿದ್ದು ತಾಯಂದಿರು ಹಾಕಿದ ಷರತ್ತು. ಆಕೃತಿಗಳನ್ನು ನೆಲದ ಮೇಲೆ ಬಿಡಬೇಡಿ, ಗೋಡೆಗೆ ನಿಲ್ಲಿಸಿ ಅಂದರು. ರಕ್ತದ ಬಣ್ಣ ಬೇಡ. ಸತ್ತಿದ್ದಾರೆ ಅನ್ನುವಂಥ ಯಾವ ಗುರುತೂ ಬೇಡ. ಗರ್ಭಿಣಿಯರ, ಮಕ್ಕಳ ಆಕೃತಿಯೂ ಇರಬೇಕು, ಯಾಕೆಂದರೆ ಅವರನ್ನೂ ಒಯ್ದಿದ್ದರು. ಇದು ಅಳುವ ತಾಯಂದಿರ ಭಾವುಕತೆ ಅಂತ ಕಾಣಬಹುದು. ಅಲ್ಲ. ಜೀವಂತವಾಗಿ ಒಯ್ದಿರಿ, ಜೀವಂತವಾಗಿ ವಾಪಸು ಕೊಡಿ ಅನ್ನುವುದು ಅವರ ಬೇಡಿಕೆ. ಸತ್ತರು ಅಂತ ನಾವೇ ಒಪ್ಪಿಕೊಂಡರೆ ಸರ್ಕಾರ ಉತ್ತರ ಕೊಡುವ ಹೊಣೆಯಿಂದ ಜಾರಿಕೊಳ್ಳುತ್ತದೆ. ಮಲಗಿದ ಆಕೃತಿ ಶೋಕ, ನಿಂತ ಆಕೃತಿ ಪ್ರಶ್ನೆ. ಯಾವ ವಕೀಲನೂ ಇಷ್ಟು ಸ್ಪಷ್ಟವಾಗಿ ಆ ವಾದ ಮಂಡಿಸಿರಲಿಲ್ಲ.

ಕೋರ್ಟು ಅದೇ ಮಾತಿಗೆ ಬಂತು

ತಾಯಂದಿರ ಆ ಹಟ ಮುಂದೆ ಚಿಲಿಯಲ್ಲಿ ಕಾನೂನಿನ ಭಾಷೆಗೂ ಬಂತು. ಪಿನೊಶೆಯ ಕ್ಷಮಾದಾನ ಕಾನೂನು 1973ರ ಸೆಪ್ಟೆಂಬರ್‌ನಿಂದ 1978ರ ಮಾರ್ಚ್‌ವರೆಗಿನ ಅಪರಾಧಗಳಿಗೆ ಮಾಫಿ ಕೊಟ್ಟಿತ್ತು. ಕೊಲೆಯಾದರೆ ಅದು ಒಂದು ತಾರೀಖಿಗೆ ಮುಗಿದ ಅಪರಾಧ, ಮಾಫಿಯೊಳಗೆ ಬೀಳುತ್ತದೆ. ಆದರೆ ಹೆಣ ಸಿಕ್ಕಿಲ್ಲ, ಸತ್ತ ತಾರೀಖು ಗೊತ್ತಿಲ್ಲ. ಹಿಡಿದದ್ದಕ್ಕೆ ಮಾತ್ರ ಸಾಕ್ಷಿ ಇದೆ. ಹಾಗಾದರೆ ಕಾನೂನಿನ ದೃಷ್ಟಿಯಲ್ಲಿ ಅದು ಅಪಹರಣ, ಮತ್ತು ಆ ಅಪಹರಣ ಇನ್ನೂ ಮುಗಿದಿಲ್ಲ. 1978 ದಾಟಿ ಇವತ್ತಿಗೂ ನಡೆಯುತ್ತಲೇ ಇದೆ. ಮಾಫಿ ಅದನ್ನು ಮುಟ್ಟೋಕಾಗಲ್ಲ. 1999ರಲ್ಲಿ ಚಿಲಿಯ ಸುಪ್ರೀಂ ಕೋರ್ಟು ಈ ವಾದಕ್ಕೆ ಮನ್ನಣೆ ಕೊಟ್ಟಿತು. ಹೆಣ ಮುಚ್ಚಿಟ್ಟು ಪಾರಾಗುತ್ತೇವೆ ಅಂದುಕೊಂಡವರಿಗೆ ಹೆಣ ಮುಚ್ಚಿಟ್ಟದ್ದೇ ಉರುಳಾಯಿತು.

2004ರ ನವೆಂಬರ್‌ನಲ್ಲಿ ಇಂಥದ್ದೊಂದು ಕೇಸಿನಲ್ಲಿ ಗುಪ್ತ ಪೊಲೀಸ್ ಮುಖ್ಯಸ್ಥನಾಗಿದ್ದ ಮಾನುವೆಲ್ ಕಾಂತ್ರೇರಾಸ್‌ನ ಜೈಲು ಶಿಕ್ಷೆ ಖಾಯಂ ಆಯಿತು. 1975ರ ಜನವರಿಯಲ್ಲಿ ಕಾಣೆಯಾದ ಒಬ್ಬ ಯುವಕನ ಕೇಸು ಅದು. ಆ ಸುಳ್ಳು ಪತ್ರಿಕೆಗಳ 119 ಜನರ ಪಟ್ಟಿಯಲ್ಲಿ ಅವನ ಹೆಸರೂ ಇತ್ತು. ವೃತ್ತಿಯಲ್ಲಿ ಅವನು ದರ್ಜಿ.

ಇಂಥ ಕೇಸುಗಳಿಗೆ ಪುರಾವೆಯಾಗಿ ನಿಂತದ್ದು ಆ ಬಿದ್ದುಹೋದ ಅರ್ಜಿಗಳು, ವಿಕಾರಿಯಾದ ಕಡತಗಳು. 1991ರಲ್ಲಿ, ಸತ್ಯಶೋಧನೆಗಾಗಿ ಸರ್ಕಾರ ನೇಮಿಸಿದ್ದ ರೆಟ್ಟಿಗ್ ಆಯೋಗದ ವರದಿ 2,279 ಹತ್ಯೆ ಮತ್ತು ಕಣ್ಮರೆಗಳನ್ನು ಲೆಕ್ಕ ಹಾಕಿದ್ದೂ ಬಹುಮಟ್ಟಿಗೆ ಅವುಗಳ ಆಧಾರದ ಮೇಲೇ. ಮುಂದಿನ ಆಯೋಗಗಳು ಆ ಸಂಖ್ಯೆಯನ್ನು 3,200ರ ಮೇಲಕ್ಕೆ ಒಯ್ದವು. ರಾಜಕೀಯ ಬಂಧನ, ಚಿತ್ರಹಿಂಸೆ ಅನುಭವಿಸಿ ಬದುಕುಳಿದವರು 38,254 ಅಂತ ಗುರುತಿಸಿದವು.

ಬಟ್ಟೆಯನ್ನು ಯಾವ ಕೋರ್ಟೂ ಸಾಕ್ಷಿಯಾಗಿ ಕೇಳಲಿಲ್ಲ. ಹಾಗಾದರೆ ಅದರಿಂದ ಆದದ್ದೇನು? ಅರ್ಜಿ ಹಾಕುವ ಹೆಂಗಸು ಹದಿನೈದು ಇಪ್ಪತ್ತು ವರ್ಷ ಅರ್ಜಿ ಹಾಕುತ್ತಲೇ ಇರಬೇಕಾದರೆ ಅವಳ ಮನೆಯಲ್ಲಿ ಒಲೆ ಉರಿಯಬೇಕು, ವಾರಕ್ಕೊಮ್ಮೆ ಕಷ್ಟ ಹೇಳಿಕೊಳ್ಳೋಕೆ ನಾಲ್ಕು ಜನ ಬೇಕು, ತನಗೆ ಆದದ್ದು ನಿಜ ಅಂತ ಹೊರಗಿನವರು ಯಾರಾದರೂ ಒಪ್ಪಿಕೊಳ್ಳಬೇಕು. ಹೊಲಿಗೆ ಈ ಮೂರನ್ನೂ ಕೊಟ್ಟಿತು. ಕಡತವನ್ನು ಜೀವಂತ ಇಟ್ಟವರನ್ನು ಬಟ್ಟೆ ಹಿಡಿದಿಟ್ಟಿತು ಅನ್ನಬಹುದು.

ಅದಕ್ಕೊಂದು ಬೆಲೆಯೂ ಇತ್ತು. ದುಡ್ಡು ಹೊರಗಿನಿಂದ ಬರುವಾಗ ಕೊಳ್ಳುವವರ ರುಚಿಯೂ ಜೊತೆಗೆ ಬರುತ್ತದೆ. ತೀರಾ ಉಗ್ರವಾದ ದೃಶ್ಯ ಬೇಡ ಅಂತ ಚರ್ಚಿನ ಕಡೆಯಿಂದಲೇ ಹಿಂದಕ್ಕೆ ಬಂದದ್ದೂ ಉಂಟು. ವರ್ಷ ಕಳೆದ ಹಾಗೆ ಸೂರ್ಯ, ಮರ, ಕುಣಿಯುವ ಮಕ್ಕಳು ಜಾಸ್ತಿಯಾದವು, ವ್ಯಾನುಗಳು ಕಡಿಮೆಯಾದವು. ಪ್ರಜಾಪ್ರಭುತ್ವ ಬಂದ ಮೇಲೆ ಪ್ರವಾಸಿಗಳಿಗೆ ಮಾರುವ ಹಳ್ಳಿ ದೃಶ್ಯದ ಅರ್ಪಿಯೆರಾಗಳೂ ಬಂದವು. ಹೊಟ್ಟೆಗಾಗಿ ಶುರುವಾದದ್ದು ಹೊಟ್ಟೆಗಾಗಿಯೇ ಬದಲಾಯಿತು. ಹೊಲಿದವರನ್ನು ಅದಕ್ಕಾಗಿ ದೂರೋದು ತಪ್ಪು. ಆದರೆ ಪ್ರತಿರೋಧದ ಕಲೆ ಮಾರುಕಟ್ಟೆಗೆ ಬಂದಾಗ ಏನಾಗುತ್ತದೆ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ನಮ್ಮಲ್ಲೂ ಅದೇ ದಶಕದಲ್ಲಿ

ವಿಕಾರಿಯಾ ಬಾಗಿಲು ತೆರೆದ ವರ್ಷವೇ, 1976ರ ಏಪ್ರಿಲ್ 28ರಂದು, ನಮ್ಮ ಸುಪ್ರೀಂ ಕೋರ್ಟಿನಲ್ಲೂ ಹೇಬಿಯಸ್ ಕಾರ್ಪಸ್ ಪ್ರಶ್ನೆ ಬಂದಿತ್ತು. ತುರ್ತು ಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದವರಿಗೆ ಕೋರ್ಟಿಗೆ ಬರುವ ಹಕ್ಕೇ ಇಲ್ಲ ಅಂತ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಒಪ್ಪದೇ ಇದ್ದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ರದ್ದು ಮಾಡಿದ್ದು 2017ರ ಆಗಸ್ಟ್‌ನಲ್ಲಿ, ಖಾಸಗಿತನದ ಹಕ್ಕಿನ ಕೇಸಿನಲ್ಲಿ. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆ ತೀರ್ಪು ಬಂದ ಕೆಲವೇ ದಿನಕ್ಕೆ, 1976ರ ಮೇ ತಿಂಗಳಲ್ಲಿ, ಸ್ನೇಹಲತಾ ರೆಡ್ಡಿ ಅವರನ್ನು ಬಂಧಿಸಿ ಬೆಂಗಳೂರಿನ ಜೈಲಿಗೆ ಹಾಕಿದರು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಮಗೆ ಗೊತ್ತಿರುವ ನಟಿ, ರಂಗಕರ್ಮಿ. ಉಬ್ಬಸದ ರೋಗಿ. ಜೈಲಿನಲ್ಲಿ ಅವರು ದಿನಚರಿ ಬರೆದರು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಆಮೇಲೆ ಅಚ್ಚಾದ ಆ ದಿನಚರಿ ಇಲ್ಲದಿದ್ದರೆ ಬೆಂಗಳೂರಿನ ಜೈಲಿನ ಹೆಂಗಸರ ವಿಭಾಗದಲ್ಲಿ ಆ ತಿಂಗಳುಗಳಲ್ಲಿ ಏನು ನಡೆಯಿತು ಅನ್ನುವುದು ನಮಗೆ ಇಷ್ಟು ವಿವರವಾಗಿ ಗೊತ್ತಾಗುತ್ತಿರಲಿಲ್ಲ. 1975ರಲ್ಲೇ ಹುಟ್ಟಿಕೊಂಡ 'ಸಮುದಾಯ' ತಂಡ ಆಮೇಲೆ ನಾಟಕವನ್ನು ಬೀದಿಗೆ, ಜಾಥಾಗಳಿಗೆ ತಂದದ್ದು ಬೇರೆಯೇ ಒಂದು ದೊಡ್ಡ ಕಥೆ. ತುರ್ತು ಪರಿಸ್ಥಿತಿಯನ್ನು ಪಿನೊಶೆಯ ಚಿಲಿಗೆ ಹೋಲಿಸುವುದು ಅತಿಯಾಗುತ್ತದೆ. ಕೋರ್ಟು ಬಾಗಿಲು ಹಾಕಿಕೊಂಡಾಗ ದಾಖಲೆ ಇಡುವ ಕೆಲಸ ಬೇರೆಯವರ ಹೆಗಲಿಗೆ ಬೀಳುತ್ತದೆ ಅನ್ನುವುದು ಮಾತ್ರ ಎರಡೂ ಕಡೆ ಕಾಣುತ್ತದೆ.

ಒತ್ತಾಯದ ಕಣ್ಮರೆಯ ವಿರುದ್ಧ ವಿಶ್ವಸಂಸ್ಥೆ 2006ರ ಡಿಸೆಂಬರ್‌ನಲ್ಲಿ ಒಂದು ಒಪ್ಪಂದ ಮಾಡಿತು. ಪಿನೊಶೆ ಸತ್ತದ್ದು ಅದೇ ತಿಂಗಳ 10ರಂದು. ಅದು ಮಾನವ ಹಕ್ಕುಗಳ ದಿನ, ಕಾಕತಾಳೀಯ ಅಷ್ಟೇ. ಅವನಿಗೆ ಕೊನೆವರೆಗೂ ಶಿಕ್ಷೆ ಆಗಲಿಲ್ಲ. ಒಪ್ಪಂದಕ್ಕೆ ಭಾರತ 2007ರಲ್ಲಿ ಸಹಿ ಹಾಕಿದೆ, ಅನುಮೋದನೆ ಮಾತ್ರ ಕೊಟ್ಟಿಲ್ಲ. ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಇದು ಪ್ರತ್ಯೇಕ ಅಪರಾಧವೂ ಅಲ್ಲ. ಅಪಹರಣ, ಅಕ್ರಮ ಬಂಧನ, ಕೊಲೆ ಅನ್ನುವ ಹಳೆ ಕಲಮುಗಳಲ್ಲೇ ಹೊಂದಿಸಿಕೊಳ್ಳಬೇಕು.

ಚಿಲಿಯಲ್ಲಿ 2023ರ ಆಗಸ್ಟ್ 30ರಂದು ಅಧ್ಯಕ್ಷ ಗೇಬ್ರಿಯಲ್ ಬೋರಿಕ್ ರಾಷ್ಟ್ರೀಯ ಹುಡುಕಾಟ ಯೋಜನೆ ಪ್ರಕಟಿಸಿದರು. ದಂಗೆಗೆ ಐವತ್ತು ವರ್ಷ ತುಂಬಲು ಎರಡು ವಾರವೂ ಇರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಒಟ್ಟು ಕಾಣೆಯಾದವರು 1,469. ಅಲ್ಲಿಯವರೆಗೆ ಸಿಕ್ಕಿ ಗುರುತಾದವರು 307. ಉಳಿದವರನ್ನು ಹುಡುಕುವುದು ಅಲ್ಲಿಯತನಕ ಮನೆಯವರ ಪಾಡಾಗಿತ್ತು, ಈಗ ಅದು ಸರ್ಕಾರದ ಹೊಣೆ ಅಂತ ಕಾಗದದ ಮೇಲೆ ಬಂತು. ಅಷ್ಟು ಹೊತ್ತಿಗೆ ಆ ಮೊದಲ ಗುಂಪುಗಳಲ್ಲಿ ಕೂತು ಹೊಲಿದ ಹೆಂಗಸರಲ್ಲಿ ಅನೇಕರು ತೀರಿಹೋಗಿದ್ದರು.